ಕೊಳಗ ಅಳೆದ ನ್ಯಾಯ

ಸುಗ್ಗಿ ಮುಗಿದ ಕಣದಲ್ಲಿ ಭತ್ತದ ರಾಶಿ ಬಿದ್ದಿದೆ. ರಾಶಿಯ ಒಂದು ಬದಿಗೆ ಮಳೆಗಾಲವಿಡೀ ಆ ಗದ್ದೆಯಲ್ಲಿ ಬೆನ್ನು ಬಗ್ಗಿಸಿದ ಒಕ್ಕಲು ನಿಂತಿದ್ದಾನೆ, ಇನ್ನೊಂದು ಬದಿಗೆ ಒಡೆಯರ ಕಡೆಯ ಆಳು. ಇಬ್ಬರ ನಡುವೆ ಒಂದು ಕೊಳಗ. ಅದನ್ನು ರಾಶಿಗೆ ಅದ್ದಿ, ತುಂಬಿ, ಎತ್ತಿ ಸುರಿಯುತ್ತಾ ಎಣಿಸಬೇಕು. ಕೊಳಗ ಎಷ್ಟು ದೊಡ್ಡದು ಎನ್ನುವುದರ ಮೇಲೆ ಒಕ್ಕಲಿನ ಮನೆಯ ಮುಂದಿನ ವರ್ಷ ನಿಂತಿತ್ತು. ಬೊಗಸೆ ಭತ್ತ ಹೆಚ್ಚು ಹಿಡಿಯುವ ಕೊಳಗದಲ್ಲಿ ನೂರು ಸಲ ಅಳೆದರೆ ನೂರು ಬೊಗಸೆ ಕಣ್ಣೆದುರೇ ಒಡೆಯರ ಪಣತಕ್ಕೆ ಹೋಗುತ್ತಿತ್ತು. ಆಷಾಢದಲ್ಲಿ ಮಕ್ಕಳಿಗೆ ಗಂಜಿ ಉಂಟೋ ಇಲ್ಲವೋ ಎಂಬುದು ತೀರ್ಮಾನವಾಗುತ್ತಿದ್ದದ್ದು ಸುಗ್ಗಿಯ ಆ ಬೆಳಗಿನಲ್ಲೇ.

ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಜಗಳ ಹುಟ್ಟಿದ್ದು ಈ ಕೊಳಗದಿಂದಲೇ. ಸರ್ಕಾರ ಒಪ್ಪಿದ ಅಳತೆ ಒಂದು, ಒಡೆಯರು ಗೇಣಿ ಅಳೆಸಿಕೊಳ್ಳುತ್ತಿದ್ದ ಕೊಳಗ ಅದಕ್ಕಿಂತ ದೊಡ್ಡದು. ಊರಿನ ಗೇಣಿದಾರರಲ್ಲಿ ಹೆಚ್ಚಿನವರು ದೀವರ ಸಮುದಾಯದವರು. ಗೇಣಿಯ ಜೊತೆಗೆ ಬಿಟ್ಟಿ ಚಾಕರಿಯೂ ಇತ್ತು. ಉಡುವ ಪಂಚೆ ಎಷ್ಟು ಉದ್ದ ಇರಬೇಕು, ಒಡೆಯರೆದುರು ಎಲ್ಲಿ ನಿಲ್ಲಬೇಕು ಎಂಬುದಕ್ಕೂ ಕಟ್ಟುಪಾಡುಗಳಿದ್ದವು. ಎಚ್. ಗಣಪತಿಯಪ್ಪ ಎಂಬ ಯುವಕ ಇವರನ್ನು ರೈತ ಸಂಘದ ಹೆಸರಿನಲ್ಲಿ ಒಟ್ಟುಗೂಡಿಸಿದರು. ಸಂಘದವರು ಮೊದಲು ಕೇಳಿದ್ದು ಭೂಮಿಯನ್ನಲ್ಲ. ಗೇಣಿ ಕೊಡುತ್ತೇವೆ, ಸರಿಯಾದ ಕೊಳಗದಲ್ಲಿ ಅಳೆದುಕೊಳ್ಳಿ ಎಂದಷ್ಟೇ ಕೇಳಿದರು. ಅದಕ್ಕೆ ಬಂದ ಉತ್ತರ, ಗದ್ದೆ ಬಿಟ್ಟು ಹೊರಡಿ ಎಂಬುದು.

1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ತಮ್ಮನ್ನು ಬಿಡಿಸಿದ್ದ ಗದ್ದೆಗೆ ತಂಡ ತಂಡವಾಗಿ ಇಳಿದು ಉಳುವುದು, ಪೊಲೀಸರು ಬಂದರೆ ಕೈಯೊಡ್ಡಿ ಜೈಲಿಗೆ ನಡೆಯುವುದು, ಮರುದಿನ ಇನ್ನೊಂದು ತಂಡ ಇಳಿಯುವುದು. ಅದೇ ತಿಂಗಳು ತೆಲಂಗಾಣದ ಪೋಚಂಪಲ್ಲಿಯಲ್ಲಿ ವಿನೋಬಾ ಭಾವೆಯವರಿಗೆ ಭೂದಾನದ ಮೊದಲ ನೂರು ಎಕರೆ ದೊರೆಯಿತು. ಅಲ್ಲಿ ಉಳ್ಳವರ ಮನಸ್ಸು ಕರಗಲಿ ಎಂಬ ಪ್ರಾರ್ಥನೆಯಿತ್ತು. ಕಾಗೋಡಿನಲ್ಲಿ ನೇಗಿಲು ಹಿಡಿದವರೇ ತಮ್ಮ ಹಕ್ಕನ್ನು ಬಾಯಿಬಿಟ್ಟು ಕೇಳಿದರು. ಸಮಾಜವಾದಿ ಪಕ್ಷ ಅವರ ಬೆನ್ನಿಗೆ ನಿಂತಿತು. ಶಾಂತವೇರಿ ಗೋಪಾಲಗೌಡರು ಹೋರಾಟವನ್ನು ರಾಜ್ಯದ ವಿಷಯವಾಗಿಸಿದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದ ಮೇಲೆ ಮಲೆನಾಡಿನ ಒಂದು ಸಣ್ಣ ಊರಿನ ಹೆಸರು ದೇಶದ ಪತ್ರಿಕೆಗಳಿಗೆ ಬಂತು.

ಕಾಗೋಡಿನವರಿಗೆ ಆ ವರ್ಷ ಭೂಮಿ ಸಿಗಲಿಲ್ಲ. ಸಿಗಲು ಇನ್ನೂ ಇಪ್ಪತ್ತಮೂರು ವರ್ಷ ಬೇಕಾಯಿತು. ಆ ಇಪ್ಪತ್ತಮೂರು ವರ್ಷಗಳ ಕಥೆ, ಅದರ ಕೊನೆಯಲ್ಲಿ ಬಂದ ಕಾನೂನು ಯಾರ ಬಡತನ ನೀಗಿಸಿತು, ಯಾರನ್ನು ಅಂಗಳದಾಚೆಗೇ ಬಿಟ್ಟಿತು ಎಂಬುದು ಈ ಲೇಖನದ ವಿಷಯ.

ಗೇಣಿ ಎಂಬ ನೊಗ

ಇಂದಿನ ಕರ್ನಾಟಕ 1956ರಲ್ಲಿ ಒಂದಾದಾಗ ಭೂಮಿಯ ಕಾನೂನುಗಳು ಒಂದಾಗಿರಲಿಲ್ಲ. ದಕ್ಷಿಣ ಕನ್ನಡ ಮದ್ರಾಸಿನಿಂದ ಬಂತು, ಉತ್ತರ ಕನ್ನಡ, ಧಾರವಾಡ, ಬೆಳಗಾವಿ, ಬಿಜಾಪುರಗಳು ಮುಂಬಯಿಯಿಂದ. ರಾಯಚೂರು, ಗುಲ್ಬರ್ಗ, ಬೀದರ್‌ಗಳು ನಿಜಾಮನ ಹೈದರಾಬಾದಿನಿಂದ ಬಂದವು. ಕೊಡಗಿನದ್ದು ಬೇರೆಯದೇ ವ್ಯವಸ್ಥೆ. ಹಳೇ ಮೈಸೂರಿನಲ್ಲಿ ತನ್ನ ಜಮೀನನ್ನು ತಾನೇ ಉಳುವ ರೈತರು ಹೆಚ್ಚು. ಆದರೆ ಕರಾವಳಿ ಮತ್ತು ಮಲೆನಾಡಿನಲ್ಲಿ ಒಡೆತನ ಒಬ್ಬರದು, ಬೇಸಾಯ ಇನ್ನೊಬ್ಬರದು. ಒಡೆಯರಲ್ಲಿ ದೇವಸ್ಥಾನಗಳಿದ್ದವು, ಮಠಗಳಿದ್ದವು, ಗುತ್ತು-ಬೀಡುಗಳ ಮನೆತನಗಳಿದ್ದವು, ಪೇಟೆಯಲ್ಲಿ ನೌಕರಿ ಹಿಡಿದು ಊರಿಗೆ ಸುಗ್ಗಿಯಲ್ಲಿ ಮಾತ್ರ ಬರುವ ಸಣ್ಣ ಹಿಡುವಳಿಯವರೂ ಇದ್ದರು.

ದಕ್ಷಿಣ ಕನ್ನಡದಲ್ಲಿ ಗೇಣಿ ಮುಖ್ಯವಾಗಿ ಎರಡು ಬಗೆ. ಮೂಲಗೇಣಿ ಶಾಶ್ವತ, ತಲೆಮಾರಿನಿಂದ ತಲೆಮಾರಿಗೆ ಇಳಿಯುವಂಥದ್ದು, ಗೇಣಿಯೂ ಗೊತ್ತುಪಡಿಸಿದ್ದು. ಚಾಲಗೇಣಿ ಒಡೆಯರ ಮನಸ್ಸು ಇರುವಷ್ಟು ದಿನ ಮಾತ್ರ. ಹೆಚ್ಚಿನ ಬಡ ಒಕ್ಕಲುಗಳು ಚಾಲಗೇಣಿಯವರು. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಎಂದು ಗೇಣಿ. ಮಳೆ ಕೈಕೊಟ್ಟರೂ, ಕೀಟ ಬಿದ್ದರೂ, ನೆರೆ ಬಂದು ನೇಜಿ ಕೊಚ್ಚಿಕೊಂಡು ಹೋದರೂ ಮುಡಿ ಒಡೆಯರ ಅಂಗಳ ಮುಟ್ಟಬೇಕು. ಬಾಕಿ ಉಳಿದರೆ ಅದು ಸಾಲ. ಸಾಲ ತೀರಿಸಲು ಮನೆಯ ಹುಡುಗ ಒಡೆಯರ ಮನೆಯ ದನ ಕಾಯಲು ಹೋಗುತ್ತಿದ್ದ, ಹುಡುಗಿ ಅಂಗಳ ಸಾರಿಸಲು. ಹಬ್ಬಕ್ಕೆ ಬಾಳೆಗೊನೆ, ತರಕಾರಿ, ಮದುವೆ ಮುಂಜಿಗೆ ದುಡಿಮೆ ಎಲ್ಲವೂ ಬರೆಯದ ಕರಾರುಗಳು.

ಬಡತನದ ಬೇರು ಇರುವುದು ಇಲ್ಲೇ. ಚಾಲಗೇಣಿಯ ಒಕ್ಕಲು ತೆಂಗಿನ ಸಸಿ ನೆಡುತ್ತಿರಲಿಲ್ಲ. ಫಲ ಬರುವ ಹೊತ್ತಿಗೆ ತಾನು ಆ ಮಣ್ಣಿನಲ್ಲಿ ಇರುತ್ತೇನೆಂಬ ಭರವಸೆಯೇ ಇಲ್ಲದವನು ಯಾಕೆ ನೆಡಬೇಕು? ಬಾವಿ ತೋಡಿಸಿದರೆ ಗೇಣಿ ಏರೀತು ಎಂಬ ಭಯ. ಬ್ಯಾಂಕಿಗೆ ಹೋದರೆ ಅಡವಿಡಲು ಕಾಗದವಿಲ್ಲ. ಮಣ್ಣು ಫಲವತ್ತಾಗಿದ್ದರೂ, ಮಳೆ ಧಾರಾಳವಾಗಿದ್ದರೂ ಒಕ್ಕಲಿನ ಮನೆ ಮುಳಿಹುಲ್ಲಿನ ಮಾಡಿನಡಿಯಲ್ಲೇ ಉಳಿಯಿತು.

ಉತ್ತರ ಕನ್ನಡದಲ್ಲಿ ಇದರ ವಿರುದ್ಧ ದನಿ ಎದ್ದದ್ದು ಸ್ವಾತಂತ್ರ್ಯಕ್ಕೂ ಮೊದಲು. ದಿನಕರ ದೇಸಾಯಿಯವರು ಅಂಕೋಲಾ ಸೀಮೆಯ ಗೇಣಿ ರೈತರನ್ನು, ಹಾಲಕ್ಕಿ ಒಕ್ಕಲಿಗರನ್ನು ಸಂಘಟಿಸಿದರು. ಬ್ರಿಟಿಷ್ ಸರ್ಕಾರ 1940ರಲ್ಲಿ ಅವರನ್ನು ಜಿಲ್ಲೆಯಿಂದ ಗಡಿಪಾರು ಮಾಡಿತು. ಐದು ವರ್ಷ ಅವರು ತಮ್ಮ ಊರಿನ ನೆಲ ತುಳಿಯುವಂತಿರಲಿಲ್ಲ. ಮುಂದೆ ಅವರು ಅಲ್ಲಿ ಶಾಲೆ ಕಾಲೇಜುಗಳನ್ನು ಕಟ್ಟಿದಾಗ ಬಂದು ಕುಳಿತವರಲ್ಲಿ ಆ ಗೇಣಿದಾರರ ಮಕ್ಕಳೂ ಇದ್ದರು. ಭೂಮಿ ಮತ್ತು ಅಕ್ಷರ ಈ ಸೀಮೆಯಲ್ಲಿ ಒಂದೇ ಹೋರಾಟದ ಎರಡು ಹೆಸರುಗಳಾಗಿದ್ದವು.

ಹಲ್ಲಿಲ್ಲದ ಕಾಯ್ದೆ

ಹೊಸ ರಾಜ್ಯಕ್ಕೆಲ್ಲ ಒಂದೇ ಕಾನೂನು ರೂಪಿಸಲು ಬಿ.ಡಿ. ಜತ್ತಿಯವರ ಸಮಿತಿ ನೇಮಕವಾಯಿತು. ಕಂದಾಯ ಮಂತ್ರಿ ಕಡಿದಾಳ್ ಮಂಜಪ್ಪ ಮಸೂದೆಯನ್ನು ಸದನಕ್ಕೆ ತಂದರು. ಮೈಸೂರು ಭೂಸುಧಾರಣಾ ಕಾಯ್ದೆ 1961ರಲ್ಲಿ ಅಂಗೀಕಾರವಾಯಿತು. ಆದರೆ ಅದು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ.

ನಡುವಿನ ನಾಲ್ಕು ವರ್ಷ ಯಾರಿಗೆ ಅನುಕೂಲವಾಯಿತು ಎಂಬುದನ್ನು ಹಳ್ಳಿ ಬಲ್ಲವರಿಗೆ ವಿವರಿಸಬೇಕಿಲ್ಲ. ಕಾನೂನು ಬರುತ್ತಿದೆ ಎಂದು ಮೊದಲು ತಿಳಿಯುವುದು ಪತ್ರಿಕೆ ಓದುವವರಿಗೆ, ವಕೀಲರ ನಂಟಿರುವವರಿಗೆ. ಜಮೀನುಗಳು ಮಕ್ಕಳ, ಸೊಸೆಯಂದಿರ, ನೆಂಟರ ಹೆಸರಿಗೆ ಹಂಚಿಹೋದವು. ಒಕ್ಕಲಿನ ಹತ್ತಿರ ಹೆಬ್ಬೆಟ್ಟು ಒತ್ತಿಸಿಕೊಂಡು, ತಾನಾಗಿಯೇ ಗದ್ದೆ ಬಿಟ್ಟೆ ಎಂಬ ಕಾಗದ ಬರೆಸಿಕೊಳ್ಳಲಾಯಿತು. ಕಾಯ್ದೆಯೊಳಗೇ ದೊಡ್ಡ ಗವಾಕ್ಷಿಯಿತ್ತು: ಸ್ವಂತ ಸಾಗುವಳಿ ಮಾಡುತ್ತೇನೆ ಎಂದು ಹೇಳಿ ಒಡೆಯ ಗೇಣಿ ಜಮೀನಿನ ಅರ್ಧದವರೆಗೆ ಹಿಂದಕ್ಕೆ ಪಡೆಯಬಹುದಿತ್ತು. ವಿವಾದವೆದ್ದರೆ ನ್ಯಾಯಾಲಯ. ಬಾಯಿಮಾತಿನ ಗೇಣಿಗೆ ಚೀಟಿ ಎಲ್ಲಿ? ಪಹಣಿಯಲ್ಲಿ ಸಾಗುವಳಿದಾರರ ಹೆಸರು ಬರೆಯುವವರು ಶಾನುಭೋಗರು, ಅವರು ಕೂರುವುದು ಒಡೆಯರ ಜಗಲಿಯಲ್ಲಿ. ವಕೀಲರಿಗೆ ಕೊಡಲು ಒಕ್ಕಲಿನ ಹತ್ತಿರ ಕಾಸಿಲ್ಲ.

ಹೀಗೆ ಒಕ್ಕಲನ್ನು ಕಾಯಬೇಕಿದ್ದ ಕಾಯ್ದೆಯ ಹೆಸರಿನಲ್ಲೇ ಎಷ್ಟೋ ಒಕ್ಕಲುಗಳು ಗದ್ದೆ ಕಳೆದುಕೊಂಡರು. ನಿನ್ನೆಯವರೆಗೆ ಗೇಣಿದಾರನಾಗಿದ್ದವನು ಅದೇ ಗದ್ದೆಗೆ ಕೂಲಿಯಾಳಾಗಿ ಇಳಿದ. ಭೂಸುಧಾರಣೆಯ ಚರಿತ್ರೆಯಲ್ಲಿ ಈ ಪಾಠ ಎದ್ದು ಕಾಣುತ್ತದೆ. ಕಾನೂನು ಅರೆಮನಸ್ಸಿನದಾದರೆ ಬಡವರಿಗೆ ಏನೂ ದೊರೆಯುವುದಿಲ್ಲ ಎಂಬಷ್ಟಕ್ಕೇ ಅದು ನಿಲ್ಲದು, ಇದ್ದದ್ದನ್ನೂ ಕಿತ್ತುಕೊಳ್ಳುತ್ತದೆ.

ಒಂದನೇ ನಂಬರಿನ ಕಾಯ್ದೆ

1972ರ ಮಾರ್ಚ್‌ನಲ್ಲಿ ಡಿ. ದೇವರಾಜ ಅರಸು ಮುಖ್ಯಮಂತ್ರಿಯಾದರು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಪದವಿ ಮುಗಿಸಿ ಊರಿಗೆ ಮರಳಿ ಬೇಸಾಯ ಮಾಡಿದ್ದವರು. ಸಂಖ್ಯೆಯಲ್ಲಿ ಬಹಳ ಸಣ್ಣ ಸಮುದಾಯದಿಂದ ಬಂದವರು. ಭೂಮಿ, ಸಹಕಾರ ಸಂಘ, ಶಾಸನಸಭೆ ಎಲ್ಲದರ ಮೇಲೂ ಹಿಡಿತವಿದ್ದ ಬಲಾಢ್ಯ ಸಮುದಾಯಗಳ ಆಸರೆಯಲ್ಲೇ ನಡೆದುಬಂದಿದ್ದ ರಾಜಕೀಯವನ್ನು ಬದಲಿಸಲು ಅವರಿಗೆ ಬೇರೊಂದು ನೆಲೆ ಬೇಕಿತ್ತು. ಅದು ಇದ್ದದ್ದು ಹಿಂದುಳಿದವರಲ್ಲಿ, ದಲಿತರಲ್ಲಿ, ಗೇಣಿದಾರರಲ್ಲಿ. ಇದನ್ನು ರಾಜಕೀಯ ಲೆಕ್ಕಾಚಾರ ಎನ್ನುವವರಿದ್ದಾರೆ. ಲೆಕ್ಕಾಚಾರ ಇತ್ತು, ನಿಜ. ಆದರೆ ಅದೇ ಲೆಕ್ಕ ಗೊತ್ತಿದ್ದ ಎಷ್ಟೋ ಮಂದಿ ಬೇರೆ ರಾಜ್ಯಗಳಲ್ಲಿ ಭೂಮಿಯ ಗೊಡವೆಗೆ ಹೋಗಲಿಲ್ಲ ಎಂಬುದೂ ನಿಜ. ಅರಸು ಹೋದರು.

ಅದೇ ವರ್ಷ ಜೂನ್‌ನಲ್ಲಿ ಗೋಪಾಲಗೌಡರು ತೀರಿಕೊಂಡರು, ಐವತ್ತೂ ತುಂಬಿರಲಿಲ್ಲ. ಶಾಸನಸಭೆಯಲ್ಲಿ ಉಳುವವನ ಪರವಾಗಿ ಮೊಳಗಿದ ದನಿ, ಆ ದನಿ ಬಯಸಿದ್ದು ಕಾನೂನಾಗುವ ಹೊತ್ತಿಗೆ ಇರಲಿಲ್ಲ.

1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಹೊಸ ಹೆಸರಿನ ರಾಜ್ಯದ 1974ರ ಒಂದನೇ ನಂಬರಿನ ಕಾಯ್ದೆಯೇ ಭೂಸುಧಾರಣಾ ತಿದ್ದುಪಡಿ. ಅದು 1974ರ ಮಾರ್ಚ್ 1ರಂದು ಜಾರಿಗೆ ಬಂತು. ಆ ದಿನ ಗೇಣಿಯಲ್ಲಿದ್ದ ಜಮೀನೆಲ್ಲ ಒಡೆಯರ ಕೈಬಿಟ್ಟು ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವನು ಅಧಿಭೋಗದ ಹಕ್ಕಿಗೆ ಸರ್ಕಾರಕ್ಕೇ ಅರ್ಜಿ ಹಾಕಬೇಕು. ಒಡೆಯ ಮತ್ತು ಒಕ್ಕಲು ಮುಖಾಮುಖಿಯಾಗಿ ನಿಂತು ಚೌಕಾಶಿ ಮಾಡುವ ಪ್ರಮೇಯವನ್ನೇ ಕಾಯ್ದೆ ತೆಗೆದುಹಾಕಿತು. ಸ್ವಂತ ಸಾಗುವಳಿಯ ನೆಪ ಹೋಯಿತು. ಮುಂದೆ ಜಮೀನನ್ನು ಗೇಣಿಗೆ ಕೊಡುವುದೇ ನಿಷಿದ್ಧವಾಯಿತು. ಸೈನಿಕರು, ನಾವಿಕರಂಥವರಿಗೆ ಮಾತ್ರ ವಿನಾಯಿತಿ ಉಳಿಯಿತು. ಕುಟುಂಬವೊಂದರ ಮಿತಿ ಹತ್ತು ಯೂನಿಟ್: ಒಳ್ಳೆಯ ನೀರಾವರಿ ಜಮೀನಾದರೆ ಹತ್ತು ಎಕರೆ, ಒಣಭೂಮಿಯಾದರೆ ಐವತ್ನಾಲ್ಕು ಎಕರೆಯವರೆಗೆ.

ನ್ಯಾಯಾಲಯಗಳ ಜಾಗದಲ್ಲಿ ಭೂನ್ಯಾಯಮಂಡಳಿಗಳು ಬಂದವು. ತಾಲ್ಲೂಕಿಗೊಂದರಂತೆ, ಅರ್ಜಿ ಹೆಚ್ಚಿದ್ದಲ್ಲಿ ಒಂದಕ್ಕಿಂತ ಹೆಚ್ಚು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಅಧಿಕಾರೇತರ ಸದಸ್ಯರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿರಬೇಕು. ವಕೀಲರಿಗೆ ಪ್ರವೇಶವಿಲ್ಲ. ಸಿವಿಲ್ ಕೋರ್ಟಿಗೆ ಮೇಲ್ಮನವಿಯಿಲ್ಲ, ಹೈಕೋರ್ಟಿಗೆ ರಿಟ್ ಒಂದೇ ದಾರಿ. ತಲೆಮಾರುಗಳಿಂದ ಕಟಕಟೆಯ ಕೆಳಗೆ ನಿಂತು ಸೋತವರು ಈಗ ತಮ್ಮ ಮಾತಿನಲ್ಲೇ ತಮ್ಮ ಕಥೆ ಹೇಳಬಹುದಾಗಿತ್ತು.

ಡಿಕ್ಲರೇಷನ್ ಕೊಟ್ಟವರು

ಅರ್ಜಿಯ ಹೆಸರು ನಮೂನೆ 7. ಕರಾವಳಿಯ ಜನರ ಬಾಯಲ್ಲಿ ಅದು ‘ಡಿಕ್ಲರೇಷನ್’. ಕಾಯ್ದೆಯ ಹೆಸರು ‘ಭೂಮಸೂದೆ’. ಇಂದಿಗೂ ದಕ್ಷಿಣ ಕನ್ನಡ, ಉಡುಪಿಯ ಹಳಬರು ಕಾಲವನ್ನು ಹಾಗೆಯೇ ಗುರುತಿಸುತ್ತಾರೆ: ಮಸೂದೆಗೆ ಮೊದಲು, ಮಸೂದೆ ಬಂದ ಮೇಲೆ.

ಡಿಕ್ಲರೇಷನ್ ಕೊಡುವುದೆಂದರೆ ಒಂದು ಕಾಗದಕ್ಕೆ ಸಹಿ ಹಾಕಿದಷ್ಟು ಸುಲಭವಾಗಿರಲಿಲ್ಲ. ಅಜ್ಜನ ಕಾಲದಿಂದ ‘ಧಣಿ’ ಎಂದು ಕರೆದವರ ವಿರುದ್ಧ ಸರ್ಕಾರಿ ಕಚೇರಿಯಲ್ಲಿ ನಿಲ್ಲಬೇಕು. ಮಗಳ ಮದುವೆಗೆ ಅಕ್ಕಿ ಕೊಟ್ಟವರು ಅವರು, ಕಾಯಿಲೆ ಬಿದ್ದಾಗ ಮದ್ದಿಗೆ ಹಣ ಕೊಟ್ಟವರು ಅವರು. ಹೊಡೆಸಿದವರೂ ಅವರೇ ಇರಬಹುದು. ಋಣ ಮತ್ತು ಭಯ ಹೆಣೆದುಕೊಂಡು ಒಂದೇ ಹಗ್ಗವಾಗಿತ್ತು. ಅನ್ನ ಕೊಟ್ಟವರಿಗೆ ದ್ರೋಹ ಬಗೆಯಬಾರದು ಎಂದು ಅರ್ಜಿಯೇ ಹಾಕದೆ ಉಳಿದವರಿದ್ದಾರೆ. ದೇವಸ್ಥಾನದ ಗದ್ದೆಗೆ ಅರ್ಜಿ ಹಾಕಿದರೆ ದೇವರ ಶಾಪ ತಟ್ಟೀತು ಎಂದು ಹೆದರಿದವರಿದ್ದಾರೆ. ಅಂಥವರ ಮನೆಗಳಿಗೆ ರೈತ ಸಂಘಟನೆಗಳ, ಎಡಪಕ್ಷಗಳ, ಸಮಾಜವಾದಿಗಳ, ಕಾಂಗ್ರೆಸ್ಸಿನ ಕಾರ್ಯಕರ್ತರು ನಡೆದುಹೋಗಿ ನಮೂನೆ ತುಂಬಿಸಿದರು. ದಕ್ಷಿಣ ಕನ್ನಡದವರೇ ಆದ ಬಿ. ಸುಬ್ಬಯ್ಯ ಶೆಟ್ಟರು ಭೂಸುಧಾರಣೆಯ ಹೊಣೆ ಹೊತ್ತ ಮಂತ್ರಿಯಾಗಿ ಈ ಕೆಲಸದ ಬೆನ್ನು ಹತ್ತಿದರು. ಅರ್ಜಿಯ ಕೊನೆಯ ದಿನ ಮತ್ತೆ ಮತ್ತೆ ಮುಂದಕ್ಕೆ ಹೋಗಿ, 1979ರ ಜೂನ್ 30ಕ್ಕೆ ನಿಂತಿತು.

ಮಂಡಳಿಯ ಕಲಾಪ ನಡೆದದ್ದು ತಾಲ್ಲೂಕು ಕಚೇರಿಗಳಲ್ಲಿ. ಸಾಕ್ಷಿಗೆ ನೆರೆಯ ಗದ್ದೆಯವರು ಬರುತ್ತಿದ್ದರು. ಕೆಲವೊಮ್ಮೆ ಸದಸ್ಯರೇ ಗದ್ದೆಗೆ ಹೋಗಿ ನೋಡುತ್ತಿದ್ದರು. ಯಾವ ಕಟ್ಟಪುಣಿ ಯಾರ ಕಾಲದಲ್ಲಿ ಕಟ್ಟಿದ್ದು, ನೀರು ಯಾವ ತೋಡಿನಿಂದ ತಿರುಗುತ್ತದೆ, ಬೇಲಿಯಂಚಿನ ಹಲಸಿನ ಮರ ಯಾರು ನೆಟ್ಟದ್ದು ಎಂಬ ಪ್ರಶ್ನೆಗಳಿಗೆ ಉಳುವವನು ಉತ್ತರಿಸುವಂತೆ ದೂರದ ಒಡೆಯ ಉತ್ತರಿಸಲಾರ. ಕಾಗದವಿಲ್ಲದವರ ಪಾಲಿಗೆ ಆ ಮಣ್ಣಿನ ತಿಳಿವಳಿಕೆಯೇ ದಾಖಲೆಯಾಯಿತು.

ರಾಜ್ಯದಲ್ಲಿ ಒಟ್ಟು ಸುಮಾರು 8 ಲಕ್ಷ ಅರ್ಜಿಗಳು ಬಂದವು. ಸುಮಾರು 4 ಲಕ್ಷ 80 ಸಾವಿರ ಅರ್ಜಿಗಳು ಗೇಣಿದಾರರ ಪರವಾಗಿ ತೀರ್ಮಾನವಾಗಿ, ಸುಮಾರು 20 ಲಕ್ಷ ಎಕರೆ ಭೂಮಿ ಉಳುವವರ ಹೆಸರಿಗೆ ಬಂತು. ಇದರ ದೊಡ್ಡ ಪಾಲು ದಕ್ಷಿಣ ಕನ್ನಡ, ಉತ್ತರ ಕನ್ನಡ ಮತ್ತು ಶಿವಮೊಗ್ಗದ್ದು. ಹಳೇ ಮೈಸೂರಿನ ಬಯಲು ಮತ್ತು ಉತ್ತರದ ಒಣಸೀಮೆಗಳಲ್ಲಿ 1965ರ ಸುತ್ತಮುತ್ತಲೇ ಒಕ್ಕಲೆಬ್ಬಿಸುವಿಕೆ ನಡೆದುಹೋಗಿದ್ದರಿಂದ ಅರ್ಜಿ ಹಾಕುವವರೇ ಕಡಿಮೆಯಿದ್ದರು.

ವ್ಯಾಜ್ಯ ಇಲ್ಲಿಗೆ ಮುಗಿಯಲಿಲ್ಲ. ಸಾವಿರಾರು ಪ್ರಕರಣಗಳು ಹೈಕೋರ್ಟಿಗೆ ಹೋಗಿ, ಮರುವಿಚಾರಣೆಗೆಂದು ಮಂಡಳಿಗೇ ಹಿಂದಿರುಗಿದವು. 1986ರಲ್ಲಿ ಮೇಲ್ಮನವಿ ಪ್ರಾಧಿಕಾರಗಳನ್ನು ರಚಿಸಿ 1990ರಲ್ಲಿ ರದ್ದು ಮಾಡಿದರು. 1987ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿದರೂ ವಕೀಲರ ಮೇಲಿನ ನಿಷೇಧವನ್ನು ತೆಗೆದುಹಾಕಿತು. ಅರ್ಜಿ ಕೊಟ್ಟ ತಂದೆ ತೀರಿಕೊಂಡು ಮಗ, ಮಗನ ನಂತರ ಮೊಮ್ಮಗ ತಾರೀಖಿಗೆ ಅಲೆದ ಮನೆಗಳಿವೆ.

ಉಳಿದ ಮುಡಿ ಏನಾಯಿತು

ಪಹಣಿಯಲ್ಲಿ ಕಾಲಂ 9 ಒಡೆತನದ್ದು, ಕಾಲಂ 12 ಸಾಗುವಳಿಯದ್ದು. 1974ರ ಕಾಯ್ದೆ ಮಾಡಿದ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಅದು 12ರಲ್ಲಿದ್ದ ಹೆಸರುಗಳನ್ನು 9ಕ್ಕೆ ಕರೆತಂದಿತು. ಈ ಮೂರು ಅಂಕಣಗಳ ನಡಿಗೆ ಬಡತನವನ್ನು ಹೇಗೆ ಬದಲಿಸಿತು ಎಂಬುದನ್ನು ಒಕ್ಕಲಿನ ಮನೆಯೊಳಗೆ ಹೋಗಿ ನೋಡಬೇಕು.

ಮೊದಲ ಬದಲಾವಣೆ ಬಂದದ್ದು ಅನ್ನದ ಪಾತ್ರೆಯಲ್ಲಿ. ಗೇಣಿಗೆ ಹೋಗುತ್ತಿದ್ದ ಮುಡಿ ಮನೆಯಲ್ಲೇ ಉಳಿಯಿತು. ಅಧಿಭೋಗದ ಹಕ್ಕಿಗೆ ಸರ್ಕಾರಕ್ಕೆ ಕಟ್ಟಬೇಕಾಗಿದ್ದ ಕಂತು ಹಳೆಯ ಗೇಣಿಯ ಮುಂದೆ ಹಗುರ. ಎರಡನೆಯ ಬದಲಾವಣೆ ಮಣ್ಣಿನಲ್ಲಿ. ನಾಳೆಯೂ ಈ ನೆಲ ನನ್ನದೇ ಎಂಬ ಖಾತ್ರಿ ಬಂದ ಮೇಲೆ ಬಾವಿಗಳು ತೆರೆದವು, ಗದ್ದೆಯಂಚಿನಲ್ಲಿ ತೆಂಗು ಏರಿತು, ಬೆಟ್ಟು ಗದ್ದೆಗಳು ಅಡಿಕೆ ತೋಟವಾದವು. ಪಟ್ಟೆ ಹಿಡಿದು ಹೋದವನಿಗೆ ಬ್ಯಾಂಕಿನ ಬಾಗಿಲು ತೆರೆಯಿತು. ಬ್ಯಾಂಕುಗಳಿಗೆ ಹೆಸರಾದ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ. ಮೂರನೆಯದು ಶಾಲೆ. ಧಣಿಯ ದನ ಕಾಯಬೇಕಿಲ್ಲದ ಹುಡುಗ ಸ್ಲೇಟು ಹಿಡಿದ. ಇಂದು ಕರಾವಳಿಯ ಹಿಂದುಳಿದ ಸಮುದಾಯಗಳ ಮನೆಗಳಲ್ಲಿ ಶಿಕ್ಷಕರು, ಎಂಜಿನಿಯರುಗಳು, ವೈದ್ಯರು ಕಾಣುತ್ತಾರಲ್ಲ, ಆ ಓದಿನ ಮೊದಲ ಫೀಸು ಎಷ್ಟೋ ಕಡೆ ಒಡೆಯರ ಅಂಗಳಕ್ಕೆ ಹೋಗದೆ ಉಳಿದ ಆ ಅಕ್ಕಿಯಿಂದಲೇ ಬಂತು. ಮುಂಬಯಿಯ ಹೋಟೆಲುಗಳು, ಕೊಲ್ಲಿ ದೇಶಗಳ ದುಡಿಮೆ ಇವೆಲ್ಲ ಜೊತೆಗೂಡಿದವು, ಎಲ್ಲ ಶ್ರೇಯಸ್ಸನ್ನೂ ಕಾಯ್ದೆಯೊಂದಕ್ಕೇ ಕೊಡುವುದು ಸರಿಯಲ್ಲ. ಆದರೆ ಊರು ಬಿಟ್ಟು ಹೋಗುವ ಧೈರ್ಯಕ್ಕೂ ಊರಿನಲ್ಲಿ ಕಾಲೂರಲು ಒಂದು ತುಂಡು ನೆಲ ಬೇಕು.

ನಾಲ್ಕನೆಯ ಬದಲಾವಣೆ ಯಾವ ಲೆಕ್ಕಪುಸ್ತಕದಲ್ಲೂ ಸಿಗದು. ಸೊಂಟಕ್ಕೆ ಸುತ್ತುತ್ತಿದ್ದ ಮುಂಡಾಸು ತಲೆಯ ಮೇಲೇ ಉಳಿಯಿತು. ಒಡೆಯರ ಅಂಗಳದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದವನು ಪಂಚಾಯಿತಿಯ ಕುರ್ಚಿಯಲ್ಲಿ ಕುಳಿತ.

ತಿಮೊತಿ ಬೆಸ್ಲಿ ಮತ್ತು ರಾಬಿನ್ ಬರ್ಜೆಸ್ ಎಂಬ ಅರ್ಥಶಾಸ್ತ್ರಜ್ಞರು ಭಾರತದ 16 ದೊಡ್ಡ ರಾಜ್ಯಗಳ 1958ರಿಂದ 1992ರವರೆಗಿನ ಅಂಕಿಅಂಶ ಪರಿಶೀಲಿಸಿ 2000ದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಗೇಣಿ ಸುಧಾರಣೆ ಮತ್ತು ಮಧ್ಯವರ್ತಿಗಳ ರದ್ದತಿ ನಡೆದಲ್ಲಿ ಗ್ರಾಮೀಣ ಬಡತನ ಇಳಿದಿದೆ, ಕೃಷಿ ಕೂಲಿಯೂ ಏರಿದೆ. ಭೂಮಿತಿ ಕಾನೂನುಗಳಿಂದ ಮಾತ್ರ ಅಂಥ ಫಲ ಕಾಣಲಿಲ್ಲ ಎಂಬುದು ಅವರು ಕಂಡುಕೊಂಡದ್ದು. ಕರ್ನಾಟಕ ಅದಕ್ಕೆ ಸ್ಪಷ್ಟ ಉದಾಹರಣೆ. ಗೇಣಿಯ ವಿಭಾಗ ಸುಮಾರು 20 ಲಕ್ಷ ಎಕರೆ ಕೈ ಬದಲಿಸಿದರೆ, ಮಿತಿಗಿಂತ ಹೆಚ್ಚೆಂದು ವಶಪಡಿಸಿಕೊಂಡು ಭೂಹೀನರಿಗೆ ಹಂಚಿದ ಭೂಮಿ ಒಂದೂವರೆ ಲಕ್ಷ ಎಕರೆಯನ್ನೂ ಮುಟ್ಟಲಿಲ್ಲ.

ಈ ಕಥೆಗೆ ಇನ್ನೊಂದು ಮನೆಯೂ ಇದೆ, ಅದನ್ನು ಮರೆತರೆ ಚರಿತ್ರೆ ಪೂರ್ತಿಯಾಗದು. ಒಡೆಯರೆಲ್ಲ ಸಿರಿವಂತರಾಗಿರಲಿಲ್ಲ. ಎರಡು ಎಕರೆಯ ಗೇಣಿಯನ್ನೇ ನಂಬಿದ್ದ ವಿಧವೆ, ದೇವಸ್ಥಾನದ ಉಂಬಳಿಯ ಅಕ್ಕಿಯಲ್ಲಿ ಬದುಕುತ್ತಿದ್ದ ಅರ್ಚಕ, ಊರೂರು ಅಲೆಯುವ ಸಣ್ಣ ನೌಕರ ಇವರೂ ಆ ಮಾರ್ಚ್ 1ರಂದು ಕಳೆದುಕೊಂಡರು. ಹಿಂದಿನ ಕಾಯ್ದೆಯಲ್ಲಿ ವಿಧವೆಯರಿಗೆ, ಅಂಗವಿಕಲರಿಗೆ ಇದ್ದ ರಿಯಾಯಿತಿ ಹೊಸ ತಿದ್ದುಪಡಿಯಲ್ಲಿ ಇರಲಿಲ್ಲ. ದೇವಸ್ಥಾನಗಳಿಗೆ ಭೂಮಿಯ ಬದಲು ತಸ್ತೀಕು ಎಂಬ ವಾರ್ಷಿಕ ಹಣ ಗೊತ್ತಾಯಿತು, ಅದು ನಂದಾದೀಪದ ಎಣ್ಣೆಗೂ ಸಾಲದೆಂಬ ಕೊರಗು ಇಂದಿಗೂ ಇದೆ. ದೊಡ್ಡ ಮನೆತನಗಳು ಉದ್ಯಮ, ನೌಕರಿಗಳತ್ತ ಹೊರಳಿ ಚೇತರಿಸಿಕೊಂಡವು. ಸಣ್ಣ ಒಡೆಯರ ನೋವಿಗೆ ಸರ್ಕಾರ ಕಿವಿಗೊಟ್ಟದ್ದು ಕಡಿಮೆ. ನ್ಯಾಯ ಮಾಡುವಾಗಲೂ ಬಡವರನ್ನು ಬಡವರಿಂದ ಬೇರ್ಪಡಿಸಿ ನೋಡುವ ಕಣ್ಣು ಕಾನೂನಿಗೆ ಇರಬೇಕಿತ್ತು.

ಕಾಯ್ದೆ ಬಿಟ್ಟುಹೋದವರು

ಕಾಯ್ದೆಯ ನಾಲ್ಕನೇ ಕಲಮು ಗೇಣಿದಾರ ಎಂದರೆ ಯಾರು ಎಂದು ಹೇಳುತ್ತದೆ. ಇನ್ನೊಬ್ಬರ ಭೂಮಿಯನ್ನು ನ್ಯಾಯಬದ್ಧವಾಗಿ ಸಾಗುವಳಿ ಮಾಡುವವನು ಗೇಣಿದಾರ. ಆದರೆ ಅವನು ಒಡೆಯನ ಕುಟುಂಬದವನಾಗಿರಬಾರದು, ಒಡೆಯನ ಮೇಲ್ವಿಚಾರಣೆಯಲ್ಲಿ ಹಣಕ್ಕೋ ಕಾಳಿಗೋ ದುಡಿಯುವ ಆಳು ಅಥವಾ ಕೂಲಿಯಾಗಿರಬಾರದು.

ಈ ಒಂದು ಷರತ್ತಿನ ಆಚೆ ಒಂದು ಲೋಕವೇ ನಿಂತಿತ್ತು. ಕರಾವಳಿಯ ಮೂಲದಾಳುಗಳು, ಬಯಲುಸೀಮೆಯ ಜೀತದಾಳುಗಳು, ಹೊಲೆಯ ಮಾದಿಗರ ಕೇರಿಗಳು, ಕೊರಗರು. ನೇಗಿಲ ಹಿಂದೆ ಹೆಚ್ಚು ದೂರ ನಡೆದವರು ಇವರೇ. ಆದರೆ ಜಾತಿ ಇವರನ್ನು ಗೇಣಿದಾರರಾಗಲೂ ಬಿಟ್ಟಿರಲಿಲ್ಲ. ಗೇಣಿ ಹಿಡಿಯಲು ಎತ್ತು ಬೇಕು, ಬೀಜ ಬೇಕು, ಒಡೆಯ ನಂಬಿ ಕೊಡುವಷ್ಟು ಸ್ಥಾನ ಬೇಕು. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ಊರಿಗೆ ಊರೇ ಕೂಗಿತು. ಉಳುವವನು ಯಾರು ಎಂದು ಕಾಯ್ದೆ ಬರೆದುಕೊಂಡಾಗ ಕೂಲಿಗೆ ಉತ್ತವನು ಅದರಲ್ಲಿ ಬರಲಿಲ್ಲ. ನಾಟಿ ಮಾಡುವ, ಕಳೆ ಕೀಳುವ, ಕೊಯ್ಯುವ ಹೆಂಗಸರಂತೂ ಬರಲೇ ಇಲ್ಲ. ಗೇಣಿದಾರರ ಮನೆಗಳಲ್ಲೂ ಪಟ್ಟೆ ಬಂದದ್ದು ಹೆಚ್ಚಾಗಿ ಗಂಡಸಿನ ಹೆಸರಿಗೆ.

ಕೂಲಿಕಾರರನ್ನು ಕಾಯ್ದೆ ಪೂರ್ತಿ ಮರೆತಿತ್ತು ಎನ್ನಲಾಗದು. ಇನ್ನೊಬ್ಬರ ಜಮೀನಿನಲ್ಲಿ ಗುಡಿಸಲು ಕಟ್ಟಿಕೊಂಡಿದ್ದವರಿಗೆ ಆ ಮನೆಯ ನೆಲದ ಹಕ್ಕು ಕೊಡುವ ಕಲಮು ಇತ್ತು. ಯಾವಾಗ ಬೇಕಾದರೂ ಎಬ್ಬಿಸಿ ಓಡಿಸುವ ಬೆದರಿಕೆ ತಪ್ಪಿತು. ಜೀತ ವಿಮುಕ್ತಿ, ಸಾಲ ಪರಿಹಾರ ಅದೇ ಕಾಲದಲ್ಲಿ ಬಂದವು. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಪರಭಾರೆ ಮಾಡುವುದನ್ನು ನಿಷೇಧಿಸುವ ಕಾಯ್ದೆ 1978ರಲ್ಲಿ ಬಂತು. ಆದರೆ ಉಳಲು ನೆಲ ದೊರೆಯಲಿಲ್ಲ.

ಗೇಣಿ ಸುಧಾರಣೆಯ ಈ ಪರಿಣಾಮವನ್ನು ಅಳೆದ ಇನ್ನೊಂದು ಅಧ್ಯಯನವಿದೆ. ಬೆಸ್ಲಿ, ಜೆಸಿಕಾ ಲೈಟ್, ರೋಹಿಣಿ ಪಾಂಡೆ ಮತ್ತು ವಿಜಯೇಂದ್ರ ರಾವ್ ಅವರು ದಕ್ಷಿಣದ ರಾಜ್ಯಗಳ ಗಡಿಹಳ್ಳಿಗಳನ್ನು ಹೋಲಿಸಿದರು. ಭಾಷೆಯಲ್ಲಿ ಹತ್ತಿರದವಾಗಿದ್ದೂ ರಾಜ್ಯಗಳ ವಿಂಗಡಣೆಯಲ್ಲಿ ಬೇರೆ ಬೇರೆ ಸರ್ಕಾರಗಳ ಪಾಲಾದ ಊರುಗಳವು. ಸುಧಾರಣೆಯಾಗಿ ಮೂವತ್ತು ವರ್ಷಗಳ ಬಳಿಕ, ಗೇಣಿ ಕಾನೂನು ಬಿಗಿಯಾಗಿ ನಡೆದ ಕಡೆ ಭೂಮಿಯ ಅಸಮಾನತೆ ಕಡಿಮೆಯಿತ್ತು, ಕೂಲಿಯ ದರ ಹೆಚ್ಚಿತ್ತು. ಮಧ್ಯಮ ಜಾತಿಗಳ ಸ್ವಂತ ಬೇಸಾಯ ಹೆಚ್ಚಿತ್ತು. ಕೆಳಜಾತಿಗಳವರು ಮಾತ್ರ ದಿನಗೂಲಿಗೆ ಹೋಗುವುದು ಇನ್ನಷ್ಟು ಹೆಚ್ಚಾಗಿತ್ತು. ಗೇಣಿಗೆ ಕೊಡುವುದೇ ನಿಷಿದ್ಧವಾದಾಗ, ಭೂಮಿ ಕೊಳ್ಳಲಾರದವರಿಗೆ ನೆಲ ಮುಟ್ಟುವ ಕೊನೆಯ ದಾರಿಯೂ ಮುಚ್ಚಿಹೋಗುತ್ತದೆ. ಒಡೆಯ ಮತ್ತು ಒಕ್ಕಲಿನ ನಡುವಿನ ಅಂತರ ಕುಗ್ಗಿತು, ಒಕ್ಕಲು ಮತ್ತು ಕೂಲಿಯ ನಡುವಿನ ಅಂತರ ಹಾಗೆಯೇ ಉಳಿಯಿತು.

ನನ್ನ ಮಟ್ಟಿಗೆ ಆ ಕಾಲದ ತಿರುಳು ಇಷ್ಟು: ಕರ್ನಾಟಕದ ಭೂಸುಧಾರಣೆ ಗೆದ್ದದ್ದು, ಈಗಾಗಲೇ ಗದ್ದೆಯಲ್ಲಿ ಕಾಲಿಟ್ಟಿದ್ದವರಿಗೆ ಆ ಗದ್ದೆಯನ್ನೇ ಕೊಟ್ಟಿದ್ದರಿಂದ. ಅದು ನಿಂತುಹೋದದ್ದೂ ಅಲ್ಲೇ. ಗದ್ದೆಯನ್ನು ಹಿಡಿಯಲು ಬಿಡದಿದ್ದವರಿಗೆ ಕೊಡಬೇಕಾದರೆ ಮಿತಿಗಿಂತ ಹೆಚ್ಚಿದ್ದ ಭೂಮಿಯನ್ನು ತೆಗೆಯಬೇಕಿತ್ತು, ಅದಕ್ಕೆ ಬೇಕಾದ ಬಲ ಯಾವ ಸರ್ಕಾರಕ್ಕೂ ಬರಲಿಲ್ಲ.

ಬಿಟ್ಟುಹೋದವರು ಸುಮ್ಮನೆ ಕೂರಲಿಲ್ಲ. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಭೂಮಿಯ ಪ್ರಶ್ನೆಯನ್ನು ಹೆಗಲಿಗೇರಿಸಿಕೊಂಡಿತು. ಸರ್ಕಾರಿ ಪಡ, ಗೋಮಾಳಗಳಲ್ಲಿ ಬಗರ್ ಹುಕುಂ ಸಾಗುವಳಿ ಮಾಡಿದವರು ನಮೂನೆ 50, ನಮೂನೆ 53, ಆಮೇಲೆ ನಮೂನೆ 57 ಹಿಡಿದು ತಾಲ್ಲೂಕು ಕಚೇರಿಗೆ ಅಲೆಯುತ್ತಲೇ ಇದ್ದಾರೆ. ದಕ್ಷಿಣ ಕನ್ನಡದಲ್ಲಿ ಬ್ರಿಟಿಷರ ಕಾಲದಲ್ಲೇ ದಲಿತರಿಗೆಂದು ಕಾದಿರಿಸಿದ ಡಿ.ಸಿ. ಮನ್ನಾ ಭೂಮಿಯನ್ನು ಹಂಚಿ ಎಂಬ ಬೇಡಿಕೆ ಇಂದಿಗೂ ಕೇಳುತ್ತಿದೆ.

ಮತ್ತೆ ಕಾಗೋಡಿಗೆ

ಕಾಗೋಡಿನ ಸತ್ಯಾಗ್ರಹ ಕಂಡು ಬೆಳೆದ ಹುಡುಗರಲ್ಲಿ ಒಬ್ಬರು ಕಾಗೋಡು ತಿಮ್ಮಪ್ಪ. ಅವರು ಕಂದಾಯ ಮಂತ್ರಿಯಾಗಿದ್ದಾಗ ಭೂಸುಧಾರಣಾ ಕಾಯ್ದೆಗೆ ಹೊಸ ಕಲಮೊಂದು ಸೇರಿ 2017ರಲ್ಲಿ ಜಾರಿಗೆ ಬಂತು. ದಾಖಲೆಯಿಲ್ಲದ ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ಹಾಡಿಗಳಲ್ಲಿ ಮನೆ ಕಟ್ಟಿಕೊಂಡವರಿಗೆ ಆ ನೆಲದ ಹಕ್ಕು ಕೊಡುವುದು ಅದರ ಉದ್ದೇಶ. ‘ವಾಸಿಸುವವನೇ ಮನೆಯೊಡೆಯ’ ಎಂದು ಅದಕ್ಕೆ ಹೆಸರಾಯಿತು. ಕೊಳಗ ಸರಿಯಿರಲಿ ಎಂದು ಕೇಳಿದ ಊರಿನ ಋಣ ಅರವತ್ತಾರು ವರ್ಷಗಳ ಮೇಲೆ ಇನ್ನೊಂದು ಬಗೆಯಲ್ಲಿ ತೀರಿತು.

ಮೂರೇ ವರ್ಷಗಳಲ್ಲಿ ಗಾಳಿ ಬೇರೆ ದಿಕ್ಕಿಗೆ ತಿರುಗಿತು. ಕೃಷಿಕರಲ್ಲದವರು, ಹೊರಗಿನ ಆದಾಯ ಹೆಚ್ಚಿದ್ದವರು ಕೃಷಿ ಭೂಮಿ ಕೊಳ್ಳದಂತೆ ತಡೆದಿದ್ದ 79ಎ ಮತ್ತು 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿದರು. ರೈತ ಸಂಘಟನೆಗಳು ಬೀದಿಗಿಳಿದವು. ಅಷ್ಟರಲ್ಲಾಗಲೇ ಹಿಡುವಳಿಗಳೂ ಚಿಕ್ಕದಾಗಿದ್ದವು: 1970-71ರಲ್ಲಿ ರಾಜ್ಯದ ಸರಾಸರಿ ಹಿಡುವಳಿ 3.20 ಹೆಕ್ಟೇರ್ ಇತ್ತು, 2015-16ರ ಹೊತ್ತಿಗೆ 1.36 ಹೆಕ್ಟೇರಿಗೆ ಇಳಿದಿತ್ತು. ಮಸೂದೆಯಲ್ಲಿ ಭೂಮಿ ಪಡೆದ ಅಜ್ಜನ ಎರಡು ಎಕರೆ ಮೊಮ್ಮಕ್ಕಳಲ್ಲಿ ಹಂಚಿ ಗುಂಟೆಗಳಾಗಿದೆ. ಬೆಳೆಗೆ ಬೆಲೆಯಿಲ್ಲದ ವರ್ಷ ಹಣದ ಚೀಲ ಹಿಡಿದು ಬಂದವರಿಗೆ ಬೇಡ ಎನ್ನುವುದು ಸುಲಭವಲ್ಲ. ಒಂದು ತಲೆಮಾರು ಜೈಲಿಗೆ ಹೋಗಿ ಪಡೆದದ್ದನ್ನು ಇನ್ನೊಂದು ತಲೆಮಾರು ರಿಜಿಸ್ಟ್ರಾರ್ ಕಚೇರಿಯಲ್ಲಿ ಒಂದು ಮಧ್ಯಾಹ್ನದಲ್ಲಿ ಬಿಟ್ಟುಕೊಡಬಹುದು.

ಇಂದು ಯಾವುದೇ ಊರಿನ ಪಹಣಿಯನ್ನು ಮೊಬೈಲಿನಲ್ಲೇ ತೆರೆದು ನೋಡಬಹುದು. ಮಲೆನಾಡಿನ, ಕರಾವಳಿಯ ಹಳ್ಳಿಗಳಲ್ಲಿ ಕಾಲಂ 9ರ ಮೇಲೆ ಕಣ್ಣಾಡಿಸಿದರೆ, ಒಂದು ಕಾಲದಲ್ಲಿ ಕಣದ ಅಂಚಿನಲ್ಲಿ ಕೈಕಟ್ಟಿ ನಿಂತು ಕೊಳಗ ಎಣಿಸಿದವರ ಮಕ್ಕಳು ಮೊಮ್ಮಕ್ಕಳ ಹೆಸರುಗಳು ಸಾಲಾಗಿ ಕಾಣುತ್ತವೆ. ನಮ್ಮ ನಾಡು ಮಾಡಿದ ದೊಡ್ಡ ಕೆಲಸಗಳಲ್ಲಿ ಇದೊಂದು, ಹೆಮ್ಮೆಪಡಬೇಕಾದದ್ದು. ಆ ಗದ್ದೆಗಳಲ್ಲಿ ನೇಜಿ ನೆಟ್ಟ ಹೆಂಗಸಿನ ಹೆಸರು, ಕೂಲಿಗೆ ಉತ್ತ ಆಳಿನ ಹೆಸರು ಹುಡುಕಿದರೆ ಕಾಲಂ 9ರಲ್ಲೂ ಇಲ್ಲ, 12ರಲ್ಲೂ ಇಲ್ಲ. ಅವರನ್ನು ಬರೆದುಕೊಳ್ಳುವ ಕಾಲಂ ಪಹಣಿಯಲ್ಲಿ ಇನ್ನೂ ಆಗಬೇಕಾಗಿದೆ.